ಬಾಣಂತಿಯನ್ನೂ ಒಂದು ಮಾತು ಕೇಳೋಣ

ಈ ವರ್ಷದ ಸಂಚಿಕೆಗೆ ಏನು ಬರೆಯುತ್ತಿರುವೆಯೆಂದು ಗೆಳತಿಯೊಬ್ಬಳು ಕೇಳಿದಳು. ಹೇಳಿದೆ. ಅವಳು ಕೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. “ಬೇರೆ ವಿಷಯವೇ ಸಿಕ್ಕಲಿಲ್ಲವೇನೆ ನಿನಗೆ? ಮೇಷ್ಟ್ರುಗಳೆಲ್ಲ ಓದುತ್ತಾರೆ ಕಣೆ!” ಎಂದಳು. ಮೇಷ್ಟ್ರುಗಳು ಓದಲಿ ಎಂಬುದಕ್ಕಾಗಿಯೇ ಬರೆಯುತ್ತಿದ್ದೇನೆ. ಗಂಡುಹುಡುಗರೂ ಓದಲಿ. ಮದುವೆಯಾಗಿ ತಂದೆಯಾಗುವವರು ಅವರೇ ತಾನೆ? ಬಾಣಂತಿಯ ಕೋಣೆಯ ಬಾಗಿಲು ಮುಚ್ಚಿದೊಡನೆ ಒಳಗಿನ ವಿಚಾರ ನಮಗೆ ಸಂಬಂಧಿಸಿದ್ದಲ್ಲವೆಂದು ತಿಳಿಯುವುದು ನಮ್ಮ ಸಮಾಜದ ಹಳೆಯ ಅಭ್ಯಾಸ. ಆ ಅಭ್ಯಾಸದಿಂದ ಆಗಿರುವ ಕೇಡು ಸಣ್ಣದಲ್ಲ.

ಕಳೆದ ವರ್ಷ ನಮ್ಮಕ್ಕ ಚೊಚ್ಚಲ ಹೆರಿಗೆಗೆ ತೌರಿಗೆ ಬಂದಳು. ಹೆರಿಗೆ ಸುಸೂತ್ರವಾಗಿಯೇ ಆಯಿತು. ಗಂಡು ಮಗು; ಮೂರು ಕಿಲೋ ನಾನೂರು ಗ್ರಾಂ ತೂಕ. ಆಸ್ಪತ್ರೆಯಿಂದ ಮನೆಗೆ ಕಳುಹಿಸುವಾಗ ಮಗುವಿಗೆ ಯಾವ ಯಾವ ದಿನ ಚುಚ್ಚುಮದ್ದು ಹಾಕಿಸಬೇಕೆಂಬುದನ್ನು ಬರೆದು ಕೊಟ್ಟರು. ಮನೆಯಲ್ಲಿ ಮೆಣಸಿನ ಸಾರು, ಬೆಳ್ಳುಳ್ಳಿ, ಎಣ್ಣೆನೀರು, ಸಾಂಬ್ರಾಣಿ ಹೊಗೆ ಯಾವುದಕ್ಕೂ ಕೊರತೆಯಾಗಲಿಲ್ಲ. ನೋಡಲು ಬಂದವರೆಲ್ಲರೂ ಮಗುವಿನ ಮೂಗು ಯಾರದು, ಬಣ್ಣ ಯಾರದು ಎಂದು ಚರ್ಚಿಸಿ ಕಾಫಿ ಕುಡಿದು ಹೋದರು. ಅಕ್ಕನನ್ನು ಅವರೆಲ್ಲ ಕೇಳಿದ ಪ್ರಶ್ನೆ ಒಂದೇ: “ಹಾಲು ಸಾಕಾಗುತ್ತದೆಯೇನಮ್ಮ?” ಆ ಪ್ರಶ್ನೆಯೂ ಮಗುವನ್ನು ಕುರಿತದ್ದೇ.

ನಾಲ್ಕನೆಯ ತಿಂಗಳಲ್ಲಿ ನಮ್ಮ ಚಿಕ್ಕಪ್ಪನ ಮಗಳ ಮದುವೆ ಬಂದಿತು. ಅಕ್ಕ ಬರುವುದಿಲ್ಲವೆಂದಳು. ಮಗುವಿಗೆ ದೃಷ್ಟಿಯಾಗುತ್ತದೆ ಎಂದಳು. ಬಸ್ಸಿನ ಧೂಳು ಆಗುವುದಿಲ್ಲ ಎಂದಳು. ಎಲ್ಲರಿಗಿಂತ ಮುಂಚೆ ಸೀರೆ ಆರಿಸಿಟ್ಟುಕೊಳ್ಳುತ್ತಿದ್ದವಳು ಹೀಗೇಕೆಂದು ರಾತ್ರಿ ಪಕ್ಕದಲ್ಲಿ ಮಲಗಿ ಕೇಳಿದೆ. ಬಹಳ ಹೊತ್ತು ಸುಮ್ಮನಿದ್ದು ಹೇಳಿದಳು: “ಕೆಮ್ಮಿದ್ರೆ, ಸೀನಿದ್ರೆ, ನಕ್ಕರೂ ಕೂಡ ತಡೆಯೋಕೆ ಆಗಲ್ಲ ಕಣೆ. ಸೀರೆ ಒದ್ದೆಯಾಗುತ್ತೆ. ಅಷ್ಟು ಜನದ ಮಧ್ಯೆ ಹಾಗಾದ್ರೆ ಎಲ್ಲಿಗೆ ಹೋಗಲಿ?”

ಮರುದಿನ ಅಡಿಗೆಮನೆಯಲ್ಲಿ ಅಮ್ಮನಿಗೆ ಇದನ್ನು ಹೇಳಿದೆ. ಅಮ್ಮ ಒಲೆಯ ಕಡೆಗೆ ತಿರುಗಿಕೊಂಡೇ, “ಹೆತ್ತ ಮೇಲೆ ಅದೆಲ್ಲ ಇದ್ದದ್ದೇ. ನಿನ್ನ ಹೆತ್ತಾಗಿನಿಂದ ನನಗೂ ಹಾಗೇ. ಯಾರಿಗೆ ಹೇಳೋದು?” ಎಂದಳು.

ನನಗೆ ಈಗ ಇಪ್ಪತ್ತು ವರ್ಷ. ಅಂದರೆ ಇಪ್ಪತ್ತು ವರ್ಷಗಳಿಂದ ಅಮ್ಮ ಇದನ್ನು ಹೊತ್ತುಕೊಂಡಿದ್ದಾಳೆ. ಬಸ್ಸು ಹತ್ತುವ ದಿನ ಬೆಳಗಿನಿಂದ ಅವಳು ನೀರು ಕುಡಿಯದಿರುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೆ. ಅವಳಿಗೆ ಪ್ರಯಾಣವೇ ಆಗದೆಂದು ತಿಳಿದಿದ್ದೆ. ದೇವಸ್ಥಾನದಲ್ಲಿ ಪ್ರದಕ್ಷಿಣೆ ಮುಗಿಯುವ ಮೊದಲೇ ಹೊರಗೆ ಬರುತ್ತಿದ್ದಳು. ಭಕ್ತಿ ಸಾಲದೆಂದು ಅಪ್ಪ ಹಾಸ್ಯ ಮಾಡುತ್ತಿದ್ದರು. ಒಂದೇ ಮನೆಯಲ್ಲಿದ್ದು ನಮಗೆ ಯಾರಿಗೂ ಗೊತ್ತಾಗಲಿಲ್ಲ. ಗೊತ್ತುಮಾಡಿಕೊಳ್ಳಬೇಕೆಂದು ಯಾರೂ ಕೇಳಲೂ ಇಲ್ಲ.

ಇದು “ಇದ್ದದ್ದೇ” ಅಲ್ಲ ಎಂಬುದೇ ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು. ಹೆರಿಗೆಯಲ್ಲಿ ಕೆಲವು ಸ್ನಾಯುಗಳಿಗೆ ಬೀಳುವ ಪೆಟ್ಟು ಅದು. ಕೈ ಮುರಿದವನಿಗೆ ಕಟ್ಟು ಬಿಚ್ಚಿದ ಮೇಲೆ ವ್ಯಾಯಾಮ ಹೇಳಿಕೊಡುತ್ತಾರಷ್ಟೆ? ಹಾಗೆಯೇ ಇದಕ್ಕೂ ವ್ಯಾಯಾಮ ಉಂಟು, ಅದನ್ನು ಹೇಳಿಕೊಡುವ ಫಿಸಿಯೋಥೆರಪಿ ತಜ್ಞರೂ ಉಂಟು.

ವಿಷಯವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ನಮ್ಮ ಸೊಂಟದ ಮೂಳೆಗಳು ಒಂದು ಬಟ್ಟಲಿನಂತಿವೆ. ಆದರೆ ಆ ಬಟ್ಟಲಿಗೆ ಮೂಳೆಯ ತಳವಿಲ್ಲ. ಹೊಲದಲ್ಲಿ ಕೆಲಸ ಮಾಡುವ ಹೆಂಗಸರು ಮರದ ಕೊಂಬೆಗೆ ಹಳೆಯ ಸೀರೆ ಕಟ್ಟಿ ಮಗುವನ್ನು ಜೋಲಿಯಲ್ಲಿ ಮಲಗಿಸುವುದನ್ನು ನೀವು ನೋಡಿರಬಹುದು. ಅಂಥದೇ ಒಂದು ಜೋಲಿ, ಮುಂದಿನ ಮೂಳೆಯಿಂದ ಬೆನ್ನೆಲುಬಿನ ತುದಿಯವರೆಗೆ, ಸ್ನಾಯುಗಳಿಂದ ಕಟ್ಟಿದ್ದು, ನಮ್ಮೆಲ್ಲರ ದೇಹದಲ್ಲಿಯೂ ಇದೆ. ಮೂತ್ರಕೋಶ, ಗರ್ಭಕೋಶ, ಮಲಾಶಯ ಇವು ಮೂರೂ ಆ ಜೋಲಿಯ ಮೇಲೆ ಕುಳಿತಿವೆ. ವೈದ್ಯರು ಇದನ್ನು ಪೆಲ್ವಿಕ್ ಫ್ಲೋರ್ ಎನ್ನುತ್ತಾರೆ; ನಾವು ಕಿಬ್ಬೊಟ್ಟೆಯ ತಳ ಎನ್ನೋಣ. ಒಂಬತ್ತು ತಿಂಗಳು ಈ ತಳವೇ ಗರ್ಭದ ಭಾರವನ್ನು ಹೊರುತ್ತದೆ. ಹೆರಿಗೆಯ ಸಮಯದಲ್ಲಿ ಮಗುವಿನ ತಲೆ ಇದರ ನಡುವೆಯೇ ಹಾದುಬರಬೇಕು. 2004ರಲ್ಲಿ ವಿಜ್ಞಾನಿಗಳು ಕಂಪ್ಯೂಟರ್ ಮಾದರಿಯಿಂದ ಲೆಕ್ಕ ಹಾಕಿದಾಗ, ಈ ಸ್ನಾಯುಗಳ ಒಳಭಾಗ ಆ ಕ್ಷಣದಲ್ಲಿ ತನ್ನ ಉದ್ದದ ಮೂರು ಪಟ್ಟಿಗಿಂತಲೂ ಹೆಚ್ಚಾಗಿ ಹಿಗ್ಗುತ್ತದೆಂದು ಕಂಡುಬಂದಿತು. ಮೈಯ ಬೇರೆ ಯಾವ ಸ್ನಾಯುವನ್ನಾದರೂ ಅಷ್ಟು ಎಳೆದಿದ್ದರೆ ನಾವು ಅದನ್ನು ಗಾಯವೆಂದು ಕರೆದು ಆರೈಕೆ ಮಾಡುತ್ತಿದ್ದೆವು.

ಹೀಗೆ ಸಡಿಲವಾದ ಜೋಲಿ ಕೆಲವರಲ್ಲಿ ತಾನಾಗಿಯೇ ಬಿಗಿಯಾಗುತ್ತದೆ, ಹಲವರಲ್ಲಿ ಆಗುವುದಿಲ್ಲ. ಹೆತ್ತವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಮೂತ್ರ ಸೋರುವ ತೊಂದರೆ ಕಾಣಿಸಿಕೊಳ್ಳುತ್ತದೆಂದು ವೈದ್ಯಕೀಯ ಸಮೀಕ್ಷೆಗಳು ಹೇಳುತ್ತವೆ. ಕೆಲವರಿಗೆ ಸೊಂಟ, ತೊಡೆಸಂದುಗಳ ನೋವು. ಕೆಲವರಿಗೆ ಹೊಟ್ಟೆಯ ನಡುವಿನ ಸ್ನಾಯುಗಳು ಬೇರ್ಪಟ್ಟು ಹಾಗೆಯೇ ಉಳಿಯುವುದು. ಇನ್ನು ಕೆಲವರಿಗೆ ಗರ್ಭಕೋಶವೇ ಕೆಳಕ್ಕೆ ಜಾರುವುದು. ಆಪರೇಷನ್ನಿನಿಂದ ಹೆರಿಗೆಯಾದರೆ ಈ ಗೋಜಿಲ್ಲವೆಂದು ಕೆಲವರು ತಿಳಿದಿದ್ದಾರೆ. ಅಪಾಯ ಕಡಿಮೆಯಾಗುವುದು ನಿಜ, ತಪ್ಪಿಯೇಹೋಗುವುದೆಂಬುದು ನಿಜವಲ್ಲ. ಒಂಬತ್ತು ತಿಂಗಳ ಭಾರವನ್ನು ಅವರ ಸ್ನಾಯುಗಳೂ ಹೊತ್ತಿವೆಯಷ್ಟೆ? ಅದರ ಮೇಲೆ ಹೊಟ್ಟೆಯ ಗಾಯ ಬೇರೆ.

ಇದಕ್ಕೆ ಪರಿಹಾರ ನಿನ್ನೆ ಮೊನ್ನೆ ಕಂಡುಹಿಡಿದದ್ದಲ್ಲ. ಅಮೆರಿಕದ ಸ್ತ್ರೀರೋಗ ತಜ್ಞ ಆರ್ನಾಲ್ಡ್ ಕೆಗೆಲ್ ಎಂಬವರು 1948ರಲ್ಲಿಯೇ ಈ ಸ್ನಾಯುಗಳನ್ನು ವ್ಯಾಯಾಮದಿಂದ ಬಲಪಡಿಸುವ ಕ್ರಮವನ್ನು ಪ್ರಕಟಿಸಿದರು. ಆ ವ್ಯಾಯಾಮಕ್ಕೆ ಇಂದಿಗೂ ಅವರ ಹೆಸರೇ ಇದೆ. ಫ್ರಾನ್ಸ್ ದೇಶದಲ್ಲಿ 1980ರ ದಶಕದಿಂದ ಹೆರಿಗೆಯಾದ ತಾಯಂದಿರಿಗೆ ಈ ತರಬೇತಿಯನ್ನು ವೈದ್ಯರು ಬರೆದುಕೊಡುತ್ತಾರೆ. ಸಾಮಾನ್ಯವಾಗಿ ಹತ್ತು ಬಾರಿ ತರಬೇತಿ. ಖರ್ಚನ್ನು ಸರ್ಕಾರದ ಆರೋಗ್ಯ ವಿಮೆಯೇ ಕೊಡುತ್ತದೆ. ಅಲ್ಲಿ ಇದು ಮಗುವಿನ ಚುಚ್ಚುಮದ್ದಿನಷ್ಟೇ ಸಹಜವಾದ ಸಂಗತಿ.

ಫಲ ಉಂಟೆ ಎಂದು ಕೇಳುವವರಿಗೆ ಅಂಕಿಗಳನ್ನು ಕೊಡಬಲ್ಲೆ. 2020ರಲ್ಲಿ ಕಾಕ್ರೇನ್ ಸಂಸ್ಥೆ 21 ದೇಶಗಳ 46 ಪ್ರಯೋಗಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ಹೆಂಗಸರ ವಿವರಗಳನ್ನು ಒಟ್ಟುಗೂಡಿಸಿ ಪರಿಶೀಲಿಸಿತು. ತೊಂದರೆ ಇನ್ನೂ ಇಲ್ಲದ ಗರ್ಭಿಣಿಯರು ಮೊದಲ ತಿಂಗಳುಗಳಲ್ಲಿಯೇ ಈ ವ್ಯಾಯಾಮ ಆರಂಭಿಸಿದರೆ, ಬಸಿರಿನ ಕೊನೆಯಲ್ಲಿ ಮೂತ್ರ ಸೋರುವ ಸಂಭವ ಶೇಕಡಾ 62ರಷ್ಟು ಕಡಿಮೆಯಾಗುತ್ತದೆ. ಹೆರಿಗೆಯಾದ ಮೂರರಿಂದ ಆರು ತಿಂಗಳ ಹೊತ್ತಿಗೆ ಶೇಕಡಾ 29ರಷ್ಟು ಕಡಿಮೆಯಿರುತ್ತದೆ. ತೊಂದರೆ ಬೇರೂರಿದ ಬಾಣಂತಿಯರಲ್ಲಿ ಫಲ ಅಷ್ಟು ಖಚಿತವಾಗಿ ಕಾಣಲಿಲ್ಲವೆಂದೂ ಅದೇ ವರದಿ ಹೇಳಿದೆ. ಇದರಿಂದ ತಿಳಿಯಬೇಕಾದದ್ದು, ಕೇಳುವುದನ್ನು ಬೇಗ ಕೇಳಬೇಕೆಂಬುದು. ಹಾಗೆಂದು ತಡವಾದವರು ನಿರಾಶರಾಗಬೇಕಾಗಿಲ್ಲ. ಕೆಮ್ಮು ಸೀನುಗಳಲ್ಲಿ ಸೋರುವ ತೊಂದರೆಯಿದ್ದ ಎಲ್ಲ ವಯಸ್ಸಿನ ಹೆಂಗಸರನ್ನು ಕುರಿತು 2018ರಲ್ಲಿ ಅದೇ ಸಂಸ್ಥೆ ಮಾಡಿದ ಪರಿಶೀಲನೆಯಲ್ಲಿ, ವ್ಯಾಯಾಮ ಮಾಡಿದವರಲ್ಲಿ ಶೇಕಡಾ 56 ಮಂದಿ ಗುಣವಾಯಿತೆಂದರು. ಮಾಡದವರಲ್ಲಿ ಹಾಗೆಂದವರು ಶೇಕಡಾ 6 ಮಾತ್ರ. ಇದಕ್ಕಿಂತ ಅಗ್ಗವಾದ ಔಷಧ ಇನ್ನಾವುದಿದೆ?

ವ್ಯಾಯಾಮ ಕೇಳುವುದಕ್ಕೆ ಸುಲಭ. ಮೂತ್ರವನ್ನೂ ವಾಯುವನ್ನೂ ಒಟ್ಟಿಗೆ ತಡೆಹಿಡಿಯುವವರಂತೆ ಆ ಸ್ನಾಯುಗಳನ್ನು ಒಳಕ್ಕೂ ಮೇಲಕ್ಕೂ ಸೆಳೆದುಕೊಳ್ಳಬೇಕು. ಉಸಿರು ಕಟ್ಟಬಾರದು, ತೊಡೆಗಳನ್ನಾಗಲಿ ಪೃಷ್ಠವನ್ನಾಗಲಿ ಬಿಗಿಯಬಾರದು. ಕೆಲವು ಎಣಿಕೆ ಹಿಡಿದು, ಪೂರ್ತಿಯಾಗಿ ಸಡಿಲ ಬಿಡಬೇಕು. ಹೀಗೆ ಎಂಟು ಹತ್ತು ಬಾರಿ, ದಿನಕ್ಕೆ ಮೂರು ಹೊತ್ತು, ಕಡಿಮೆಯೆಂದರೆ ಮೂರು ತಿಂಗಳು. ಕೆಮ್ಮು ಬರುವ ಮುನ್ನ, ಕೊಡ ಎತ್ತುವ ಮುನ್ನ ಒಮ್ಮೆ ಬಿಗಿಹಿಡಿಯುವುದನ್ನು ರೂಢಿಮಾಡಿಕೊಳ್ಳಬೇಕು. ಮೂತ್ರ ಮಾಡುವಾಗಲೇ ತಡೆದು ತಡೆದು ಅಭ್ಯಾಸ ಮಾಡುವುದು ಒಳ್ಳೆಯದಲ್ಲ.

ಇಷ್ಟೇ ತಾನೆ, ಇದಕ್ಕೊಬ್ಬ ತಜ್ಞರೇಕೆ ಎಂದು ನನಗೂ ಅನ್ನಿಸಿತ್ತು. 1991ರಲ್ಲಿ ಅಮೆರಿಕದಲ್ಲಿ 47 ಹೆಂಗಸರಿಗೆ ಈ ವ್ಯಾಯಾಮವನ್ನು ಬಾಯಿಮಾತಿನಲ್ಲಿ ಹೇಳಿ ಪರೀಕ್ಷಿಸಿದರು. ಸರಿಯಾಗಿ ಮಾಡಿದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ. ಸುಮಾರು ಕಾಲುಭಾಗ ಮಂದಿ ಮೇಲಕ್ಕೆ ಸೆಳೆಯುವ ಬದಲು ಕೆಳಕ್ಕೆ ಮುಕ್ಕುವಂತೆ ಮಾಡುತ್ತಿದ್ದರು; ಅದರಿಂದ ತೊಂದರೆ ಹೆಚ್ಚುವುದೇ ಹೊರತು ಕಡಿಮೆಯಾಗದು. ಕಣ್ಣಿಗೆ ಕಾಣದ ಸ್ನಾಯುವಿಗೆ ಪಾಠ ಹೇಳುವುದು ಅಷ್ಟು ಸುಲಭವಲ್ಲ. ಇನ್ನು ಕೆಲವರಲ್ಲಿ ಈ ಸ್ನಾಯುಗಳು ಸಡಿಲವಾಗಿರುವುದಕ್ಕೆ ಬದಲಾಗಿ ಅತಿಯಾಗಿ ಬಿಗಿದುಕೊಂಡು ನೋವು ಕೊಡುತ್ತಿರುತ್ತವೆ. ಅವರು ಕಲಿಯಬೇಕಾದದ್ದು ಸಡಿಲ ಬಿಡುವುದನ್ನು. ಗರ್ಭಕೋಶ ಬಹಳ ಜಾರಿದ್ದರೆ ವ್ಯಾಯಾಮವೊಂದೇ ಸಾಲದು. ವೈದ್ಯರು ಬೇರೆ ಉಪಾಯ ಮಾಡಬೇಕು. ಯಾರಿಗೆ ಯಾವುದು ಎಂಬುದನ್ನು ತಿಳಿದವರೇ ಪರೀಕ್ಷಿಸಿ ಹೇಳಬೇಕು.

ಇಲ್ಲಿಗೆ ಬಂದಾಗ ಕೆಲವರು ನಮ್ಮ ಹಿರಿಯರಿಗೆ ಇದೊಂದೂ ತಿಳಿಯದೆಂದು ಮೂಗು ಮುರಿಯಲು ತೊಡಗುತ್ತಾರೆ. ನಾನು ಆ ಪಂಗಡಕ್ಕೆ ಸೇರಿದವಳಲ್ಲ. ಬಾಣಂತಿಯ ಹೊಟ್ಟೆಗೆ ದೊಡ್ಡ ಬಟ್ಟೆಯನ್ನು ಸುತ್ತಬೇಕೆಂಬ ವಿಧಿ ಚರಕಸಂಹಿತೆಯಲ್ಲಿಯೇ ಇದೆ. ಹೆರಿಗೆಯಾದವಳ ಮೈ ಬೇರೆಯೇ ಆದ ಆರೈಕೆಯನ್ನು ಬೇಡುತ್ತದೆಂದು ನಮ್ಮವರು ಅರಿತಿದ್ದರು. ಪಾವಗಡ ತಾಲ್ಲೂಕಿನ ಸೂಲಗಿತ್ತಿ ನರಸಮ್ಮನವರು ಹದಿನೈದು ಸಾವಿರಕ್ಕೂ ಹೆಚ್ಚು ಹೆರಿಗೆಗಳನ್ನು ಕಾಸು ಪಡೆಯದೆ ಮಾಡಿಸಿದವರು. 2018ರಲ್ಲಿ ಪದ್ಮಶ್ರೀ ಪಡೆದು, ಅದೇ ವರ್ಷದ ಕೊನೆಯಲ್ಲಿ ತೀರಿಕೊಂಡರು. ಹೆತ್ತವಳ ಮೈಯನ್ನು ಕೈಯಿಂದ ಮುಟ್ಟಿ, ಅವಳ ಪಕ್ಕದಲ್ಲಿ ಕುಳಿತು ನೋಡುವ ಒಬ್ಬ ಹೆಂಗಸು ನಮ್ಮ ಹಳ್ಳಿಗಳಲ್ಲಿ ಒಂದು ಕಾಲಕ್ಕೆ ಇದ್ದಳು. ಹೆರಿಗೆ ಆಸ್ಪತ್ರೆಗೆ ಹೋಯಿತು. ಅದು ಒಳ್ಳೆಯದೇ ಆಯಿತು. ಆದರೆ ಆ ಹೆಂಗಸು ಎದ್ದುಹೋದ ಜಾಗದಲ್ಲಿ ನಾವು ಯಾರನ್ನೂ ಕೂರಿಸಲಿಲ್ಲ.

ಹಿರಿಯರ ಪದ್ಧತಿಗಳಲ್ಲಿ ಬಿಡಬೇಕಾದವೂ ಇವೆ. ಬಾಣಂತಿಗೆ ನೀರು ಕೊಡಬಾರದೆಂಬುದು ಅವುಗಳಲ್ಲೊಂದು. ನೀರು ಕಡಿಮೆಯಾದರೆ ಮಲಬದ್ಧತೆ. ಮುಕ್ಕಿದಷ್ಟೂ ಆ ದಣಿದ ಜೋಲಿಯ ಮೇಲೆ ಭಾರ. ಹೊಟ್ಟೆಗೆ ಕಟ್ಟಿದ ಬಟ್ಟೆ ನೆಮ್ಮದಿ ಕೊಡಬಹುದು. ಸ್ನಾಯು ಮಾಡಬೇಕಾದ ಕೆಲಸವನ್ನು ಬಟ್ಟೆ ಮಾಡಲಾರದು. ಇನ್ನು ಕೂಲಿಯ ಮನೆಯ ಹೆಂಗಸಿಗೆ ಈ ಬಾಣಂತನವೂ ಇಲ್ಲ. ತಿಂಗಳು ತುಂಬುವ ಮೊದಲೇ ಕೊಡ ಹೊರುವ, ಸೌದೆ ಹೊರುವ ಆಕೆಯನ್ನು ನೆನೆದರೆ, ನಮ್ಮಕ್ಕನ ಕಷ್ಟ ಸುಖವಂತರ ಕಷ್ಟವೆಂದೇ ಹೇಳಬೇಕು.

ಇಷ್ಟೊಂದು ಬಡತನವಿರುವ ದೇಶದಲ್ಲಿ ಮೊದಲು ತಾಯಿಯ ಪ್ರಾಣ ಉಳಿಯಲಿ, ಇದೆಲ್ಲ ಆಮೇಲೆ ಎಂದು ನಮ್ಮ ಅಧ್ಯಾಪಕರೊಬ್ಬರು ಆಕ್ಷೇಪಿಸಿದರು. ಅವರ ಮಾತಿನಲ್ಲಿ ತೂಕವಿದೆ. ಕರ್ನಾಟಕದಲ್ಲಿ 2001-03ರ ಅವಧಿಯಲ್ಲಿ ಲಕ್ಷ ಜೀವಂತ ಜನನಗಳಿಗೆ 228 ಮಂದಿ ತಾಯಂದಿರು ಸಾಯುತ್ತಿದ್ದರು. 2018-20ರ ಅವಧಿಗೆ ಅದು 69ಕ್ಕೆ ಇಳಿದಿತ್ತು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದ ಶೇಕಡಾ 97 ಹೆರಿಗೆಗಳು ಆಸ್ಪತ್ರೆಗಳಲ್ಲಿ ಆಗುತ್ತಿವೆ. ಇದನ್ನು ಸಾಧಿಸಿದ ವೈದ್ಯರಿಗೂ ದಾದಿಯರಿಗೂ ಆಶಾ ಕಾರ್ಯಕರ್ತೆಯರಿಗೂ ನಾವು ಋಣಿಗಳು. ಆದರೆ ಉಳಿಸಿದ ಪ್ರಾಣ ಹೇಗೆ ಬಾಳುತ್ತಿದೆ ಎಂಬ ಪ್ರಶ್ನೆಯನ್ನು ಈಗಲೂ ಕೇಳದಿದ್ದರೆ ಮತ್ತೆ ಯಾವಾಗ ಕೇಳುವುದು? ಶೇಕಡಾ 97 ತಾಯಂದಿರು ಆಸ್ಪತ್ರೆಯ ಬಾಗಿಲಿಗೆ ತಾವೇ ಬರುತ್ತಿರುವಾಗ, ಅವರಿಗೆ ನಾಲ್ಕು ಮಾತು ಹೇಳಿ ಕಳುಹಿಸುವುದಕ್ಕೆ ಹೊಸ ಕಟ್ಟಡ ಬೇಕಾಗಿಲ್ಲ.

ಹಾಗಾದರೆ ಏನು ಮಾಡಬೇಕು? ನನಗೆ ತೋಚಿದ ಮೂರು ಸಲಹೆಗಳನ್ನು ಮುಂದಿಡುತ್ತೇನೆ.

ಮೊದಲನೆಯದು ಸರ್ಕಾರದ ಕೆಲಸ. ಆಸ್ಪತ್ರೆಯಲ್ಲಿ ಹೆರಿಗೆಯಾದ ಮಗುವನ್ನು ನೋಡಲು ಆಶಾ ಕಾರ್ಯಕರ್ತೆ ಮೂರನೆಯ ದಿನದಿಂದ ನಲವತ್ತೆರಡನೆಯ ದಿನದವರೆಗೆ ಆರು ಬಾರಿ ಮನೆಗೆ ಬರುವ ವ್ಯವಸ್ಥೆ ಈಗಾಗಲೇ ಇದೆ. ಮಗುವಿನ ತೂಕ ನೋಡಿದ ಮೇಲೆ ಆಕೆ ತಾಯಿಯ ಕಡೆಗೆ ತಿರುಗಿ, “ಕೆಮ್ಮಿದರೆ ಒದ್ದೆಯಾಗುತ್ತದೆಯೆ? ಕೆಳಗೆ ಭಾರವೆನಿಸುತ್ತದೆಯೆ? ನೋವಿದೆಯೆ?” ಎಂದು ಮೂರು ಪ್ರಶ್ನೆ ಕೇಳಲಿ. ಹೌದೆಂದವರನ್ನು ಕಳುಹಿಸಲು ತಾಲ್ಲೂಕು ಆಸ್ಪತ್ರೆಯಲ್ಲಿ ಈ ವಿಷಯ ತಿಳಿದ ಒಬ್ಬ ಫಿಸಿಯೋಥೆರಪಿ ತಜ್ಞೆ ಇರಲಿ. ಈ ವೃತ್ತಿಗಳಿಗಾಗಿ 2021ರಲ್ಲಿ ಪಾರ್ಲಿಮೆಂಟು ಪ್ರತ್ಯೇಕ ಕಾನೂನನ್ನೇ ಮಾಡಿದೆ. ಕಾನೂನಿನ ಫಲ ತಾಲ್ಲೂಕಿನ ಬಾಣಂತಿಗೂ ಮುಟ್ಟಲಿ. ಆಶಾ ಕಾರ್ಯಕರ್ತೆಯರ ಹೆಗಲ ಮೇಲೆ ಈಗಿರುವ ಹೊರೆ ನನಗೆ ಗೊತ್ತು. ಹೊಸ ಕೆಲಸ ಕೊಡುವವರು ಅದಕ್ಕೆ ತಕ್ಕ ಸಂಭಾವನೆಯನ್ನೂ ಕೊಡಬೇಕೆಂಬುದನ್ನು ಹೇಳಬೇಕಾಗಿಲ್ಲ.

ಎರಡನೆಯದು ಮನೆಯ ಕೆಲಸ. ಈ ವ್ಯಾಯಾಮಕ್ಕೆ ಹಣ ಬೇಡ, ಹೊತ್ತು ಬೇಕು. ದಿನಕ್ಕೆ ಮೂರು ಬಾರಿ ಐದೈದು ನಿಮಿಷ ಮಗುವನ್ನು ಎತ್ತಿಕೊಳ್ಳುವವರು ಯಾರು? ನೀರಿನ ಕೊಡ ಎತ್ತುವವರು ಯಾರು? ಗಂಡನೇ ಎತ್ತಲಿ. “ನಾವೆಲ್ಲ ಹೆರಲಿಲ್ಲವೆ?” ಎನ್ನುವ ಅತ್ತೆಯೂ, “ಇದ್ದದ್ದೇ” ಎನ್ನುವ ತಾಯಿಯೂ ಕೆಟ್ಟವರಲ್ಲ, ಅವರನ್ನು ಯಾರೂ ಕೇಳಿರಲಿಲ್ಲ, ಅಷ್ಟೆ. ತಮ್ಮ ನೋವನ್ನು ನುಂಗಿದವರು ಇನ್ನೊಬ್ಬರಿಗೂ ನುಂಗುವುದನ್ನೇ ಕಲಿಸುತ್ತಾರೆ. ಈ ಸರಪಳಿಯನ್ನು ಎಲ್ಲಾದರೂ ಒಂದು ಕಡೆ ಕಡಿಯಬೇಕು.

ಮೂರನೆಯದು ನಮ್ಮ ಕೆಲಸ. ಕಲಾ ಕಾಲೇಜಿನ ವಿದ್ಯಾರ್ಥಿಗಳಾದ ನಾವು ಹೆಣ್ಣಿನ ಸಹನೆಯನ್ನು ಕಾವ್ಯದಲ್ಲಿ ಓದಿ ಮೆಚ್ಚುತ್ತೇವೆ. ಪರೀಕ್ಷೆಯಲ್ಲಿ ಆ ಸಹನೆಯನ್ನು ಹೊಗಳಿ ಅಂಕ ಪಡೆಯುತ್ತೇವೆ. ಸಹಿಸಬೇಕಾಗಿಲ್ಲದ್ದನ್ನು ಸಹಿಸುವುದರಲ್ಲಿ ಏನು ದೊಡ್ಡತನ? ನಮ್ಮ ಎನ್.ಎಸ್.ಎಸ್. ಶಿಬಿರಗಳಲ್ಲಿ ರಸ್ತೆ ಗುಡಿಸುವುದರ ಜೊತೆಗೆ ಒಂದು ಸಂಜೆ ಹಳ್ಳಿಯ ಹೆಂಗಸರಿಗಾಗಿ ಇದನ್ನು ಬಲ್ಲವರಿಂದ ಹೇಳಿಸಬಹುದು. ನಮ್ಮ ಕಾಲೇಜಿನಲ್ಲಿಯೇ ಒಂದು ಉಪನ್ಯಾಸ ಏರ್ಪಡಿಸಬಹುದು. ಹುಡುಗರನ್ನೂ ಕೂರಿಸಿಯೇ ಏರ್ಪಡಿಸಬೇಕು. 2017ರ ತಿದ್ದುಪಡಿಯಿಂದ ಹೆರಿಗೆಯ ರಜೆ 26 ವಾರಗಳಾಯಿತು. ರಜೆ ಮುಗಿಸಿ ಕೆಲಸಕ್ಕೆ ಬಂದ ಹೆಂಗಸು ಮೂರು ಗಂಟೆಗಳ ಕಾಲ ಎದ್ದುಹೋಗಲಾರದೆ ನಿಲ್ಲಬೇಕಾದರೆ, ಶೌಚಾಲಯದ ಬೀಗದಕೈ ಜವಾನನ ಜೇಬಿನಲ್ಲಿದ್ದರೆ, ಆ ರಜೆ ಅರ್ಧವೇ ಉಪಕಾರ ಮಾಡಿದಂತಾಯಿತು.

ಅಕ್ಕನ ಕಥೆಯನ್ನು ಮುಗಿಸದೆ ಬಿಟ್ಟರೆ ಓದುಗರು ಕ್ಷಮಿಸಲಾರರು. ಭಾವನವರಿಗೆ ವಿಷಯ ತಿಳಿಸಿದವಳು ನಾನೇ. ಅವರು ಒಂದು ಗಳಿಗೆ ಸುಮ್ಮನಿದ್ದು, “ನನಗೇಕೆ ಹೇಳಲಿಲ್ಲ?” ಎಂದರು, ಮರುವಾರವೇ ಜಿಲ್ಲಾ ಕೇಂದ್ರದಲ್ಲಿದ್ದ ಒಬ್ಬ ತಜ್ಞೆಯ ಬಳಿಗೆ ಕರೆದುಕೊಂಡು ಹೋದರು. ಹೋಗುವಾಗ ಬಸ್ಸಿನಲ್ಲಿ ಅಕ್ಕ ಒಂದು ಗುಟುಕು ನೀರು ಕುಡಿದಿರಲಿಲ್ಲ. ಆಕೆ ಪರೀಕ್ಷಿಸಿ, ಅಕ್ಕ ತಾನಾಗಿ ಮಾಡುತ್ತಿದ್ದ ವ್ಯಾಯಾಮ ತಲೆಕೆಳಗಾಗಿತ್ತೆಂದು ತೋರಿಸಿ, ಸರಿಯಾದದ್ದನ್ನು ಕಲಿಸಿದರು. ಒಂದು ದಿನದಲ್ಲಿ ಪವಾಡವೇನೂ ನಡೆಯಲಿಲ್ಲ. ನಾಲ್ಕು ತಿಂಗಳು ಬೇಕಾಯಿತು. ಈಗ ನೂರಕ್ಕೆ ನೂರು ಸರಿಹೋಗಿದೆಯೆಂದು ಅವಳು ಹೇಳುವುದಿಲ್ಲ. ಆದರೆ ಮೊನ್ನೆ ಯುಗಾದಿಗೆ ಬಂದಾಗ ಅಪ್ಪ ಏನೋ ಹಾಸ್ಯ ಮಾಡಿದರು; ಅಕ್ಕ ಮೊದಲಿನಂತೆ ಜೋರಾಗಿ ನಕ್ಕಳು.

ಅಮ್ಮ ಅವಳನ್ನೇ ನೋಡುತ್ತಿದ್ದಳು. ಆ ದಿನ ಮಧ್ಯಾಹ್ನ, ಪಾತ್ರೆಗಳೆಲ್ಲ ತೊಳೆದಾದ ಮೇಲೆ, ಅಕ್ಕನನ್ನು ಕೋಣೆಗೆ ಕರೆದು ಮೆಲ್ಲಗೆ ಕೇಳಿದಳಂತೆ: “ಅದೇನು ಹೇಳಿಕೊಟ್ಟರೆ ನಿನಗೆ? ನನಗೂ ಸ್ವಲ್ಪ ಹೇಳೆ.”